ಆರರ ತನಕ

ಕ್ಯಾಂಬರ್ನ್ ಪೇಟೆಯ ಕನ್ನಡಕದಂಗಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ:
ಒಂದು ಕಣ್ಣು ಮುಚ್ಚಿ, ಕೆಳಗಿನ ಸಾಲು ಓದಿ.
ಕಾಣದಿದ್ದರೆ ಊಹಿಸಿ, ಪರವಾಗಿಲ್ಲ.

ಮೊನ್ನೆ ಡೆರಿಕ್ ಟ್ರೆಗೆಂಜಾ ಬಂದ, ಬಗಲಲ್ಲಿ ಸುರುಳಿ.
ಕಣ್ಣಿಗಿಂತ ಮೊದಲು ವಂಶವೃಕ್ಷ ಬಿಡಿಸಿದ
ಕೌಂಟರಿನ ಮೇಲೆ, ಹನ್ನೊಂದು ತಲೆಮಾರು.
ತವರದ ಗಣಿಗೆ ಇಳಿದವರು, ಇಬ್ಬರು ಮೀನಿನವರು,
ಕುದುರೆ ಕದ್ದವನೊಬ್ಬ,
ಅವನ ಹೆಸರಿಗೆ ಮಾತ್ರ ಎರಡು ಗೀಟು, ಹೆಮ್ಮೆಗೆ.
ತವರ, ಎಂದುಕೊಂಡೆ ಮನಸಿನಲ್ಲೇ.
ಕೊನೆಗೊಂದು ಕೊಂಬು ತಾನಾಗಿ ಬಂದು ಸೇರಿತು.

ಟ್ರೆ ಅಂದರೆ ಊರು, ಅಂದ.
ನಮ್ಮಲ್ಲೂ ಊರು ಹೆಸರಿನ ಮುಂದೆಯೇ, ಅಂದೆ,
ಒಂದೇ ಅಕ್ಷರ, ಪಕ್ಕಕ್ಕೊಂದು ಚುಕ್ಕಿ.
ಪಾಸ್‌ಪೋರ್ಟಿನವನು ಆ ಚುಕ್ಕಿ ಹಿಗ್ಗಿಸಿ
ಯಳಗೊಂಡಹಳ್ಳಿ ಎಂದು ಪೂರ್ತಿ ಬರೆದ.
ಒಂದು ರಾತ್ರಿಯೂ ನಾನು ಮಲಗದ ಊರು
ನನ್ನ ಹೆಸರಾಯಿತು.
ಇಲ್ಲಿ ಯಾರ ನಾಲಿಗೆಯೂ ಹೊರಳಲಿಲ್ಲ ಅದಕ್ಕೆ.
ಮಿಸೆಸ್ ವೈ, ಅಂತಾರೆ.
ವೈ? ಅಂತ ನಾನೂ ಎಷ್ಟೋ ಸಲ.

ನನ್ನ ಮರಕ್ಕೆ ಎರಡೇ ಕೊಂಬೆ:
ಅಪ್ಪ, ಅಪ್ಪನ ಅಪ್ಪ ಪಿಳ್ಳಮುನಿಶಾಮಿ.
ಆಮೇಲೆ ಒಂದು ಪಿತ್ತಳೆ ಬಿಲ್ಲೆ, ನಂಬರು ೨೩೧೭.
ಕೋಲಾರದ ಚಿನ್ನದ ಗಣಿಯಲ್ಲಿ
ಇಳಿಯುವಾಗ ಕೊಟ್ಟು, ಹತ್ತಿ ಬಂದು ಪಡೆಯುವುದು.
ಬಿಲ್ಲೆ ಹಲಗೆಯಲ್ಲೇ ಉಳಿದರೆ
ಮನುಷ್ಯ ಇನ್ನೂ ಕೆಳಗೆ ಎಂದು ಲೆಕ್ಕ.
ಅಜ್ಜಿಯ ಅಮ್ಮನ ಹೆಸರು?
ಚಿಕ್ಕಪ್ಪನಿಗೆ ಫೋನು ಮಾಡಿ ಕೇಳಿದೆ.
ತುಂಬ ಹೊತ್ತು ಯೋಚಿಸಿ,
"ಅಮ್ಮಾ ಅಂತಲೇ ಕರೀತಿದ್ರು" ಅಂದ.

ಅಜ್ಜನ ಮೇಲಿನ ಸಾಹೇಬ ಈ ಕಡಲಂಚಿನವನಂತೆ.
ಮೂವತ್ತು ವರ್ಷದಲ್ಲಿ ಅವನು ಕಲಿಸಿದ್ದು
ಸುರಂಗಕ್ಕೆ ಮರ ಕೊಡುವುದು, ಮತ್ತೆ ಒಂದು ಬೈಗುಳ.
ಆ ಬೈಗುಳ ಅಪ್ಪನಿಗೆ ಬಂತು, ಅಪ್ಪನಿಂದ ನನಗೆ.
ಡೆರಿಕ್‌ಗೆ ಹೇಳಿ ತೋರಿಸಿದೆ.
ಅವನ ಕಿವಿ ಕೆಂಪಾಯಿತು:
ನಮ್ಮ ತಾತನೂ ಥೇಟ್ ಹೀಗೇ!

ಮನೆಯಲ್ಲಿ ಜಗಳ ತೆಲುಗು, ಲೆಕ್ಕ ತಮಿಳು,
ದೇವರ ಹತ್ತಿರ ಕನ್ನಡ, ಜ್ವರ ಬಂದರೆ ಮೂರೂ ಕಲಸಿ.
ಸೊಪ್ಪಿನವಳನ್ನು ಅಜ್ಜಿ ತೆಲುಗಲ್ಲಿ ನಿಲ್ಲಿಸಿ,
ಕನ್ನಡದಲ್ಲಿ ಚೌಕಾಶಿ ಮಾಡಿ,
ತಮಿಳಲ್ಲಿ ಕೊಸರು ಈಸಿಕೊಳ್ಳುತ್ತಿದ್ದಳು.
ಇಲ್ಲಿಯ ಜನಗಣತಿ ಫಾರಂ ಕೇಳುತ್ತದೆ:
ನಿಮ್ಮ ಮುಖ್ಯ ಭಾಷೆ?
ಒಂದೇ ಗೆರೆ ಬಿಟ್ಟಿದ್ದಾರೆ.

ಗಣಿಮಣ್ಣಿನ ಬಿಳಿ ದಿಬ್ಬದಿಂದ
ತಗಡಿನ ಮೇಲೆ ಕೂತು ಜಾರುತ್ತಿದ್ದೆವು,
ನಾನು, ಸೆಲ್ವಿ, ಕಣ್ಣು ಮುಚ್ಚಿಕೊಂಡೇ ಬರುವ ರೋಸಲಿನ್.
ಲಂಗದ ತುಂಬ ಹಿಟ್ಟಿನಂಥ ಬೂದಿ.
ವಿಷ, ಎನ್ನುತ್ತಿದ್ದರು ದೊಡ್ಡವರು.
ನಾಲಿಗೆಗೆ ಹಚ್ಚಿಯೂ ನೋಡಿದ್ದೇವೆ. ರುಚಿ ಇಲ್ಲ.
ಯಾವ ಭಾಷೆಯಲ್ಲಿ ಕಿರುಚಿದೆವೋ ನೆನಪಿಲ್ಲ.

ಡೆರಿಕ್ ಈಗ ಮಂಗಳವಾರ ಸಂಜೆ
ಚರ್ಚಿನ ಹಿಂದಿನ ಕೋಣೆಯಲ್ಲಿ ಕಾರ್ನಿಶ್ ಕಲಿಯುತ್ತಾನೆ,
ಅವನ ಮುತ್ತಜ್ಜನಿಗೂ ಬಾರದಿದ್ದ ಅವರ ಭಾಷೆ.
ಎಪ್ಪತ್ತೊಂದರಲ್ಲಿ ಬೆರಳು ಮಡಚಿ
ಓನನ್, ದ್ಯೂ, ಟ್ರೀ, ಪೆಸ್ವಾರ್, ಪಿಂಪ್...
ಐದಕ್ಕೆ ನಿಂತ. ನಿಮ್ಮದು ಹೇಳಿ, ಅಂದ.
ಒಂದು, ಎರಡು ಎಂದು ಶುರು ಮಾಡಿ
ಆರಕ್ಕೆ ನಾನೂ ನಿಂತೆ.
ಆರು, ಮೂರು ಭಾಷೆಗೂ ಒಂದೇ.
ಅಲ್ಲಿ ತನಕ ಯಾವ ಮನೆಯವಳೆಂದು ಗೊತ್ತಿತ್ತು.
ಕನ್ನಡದಲ್ಲಿ ದೀಪಕ್ಕೂ ಅದೇ ಮಾತು ಎಂದು
ಅವನಿಗೆ ಹೇಳಲಿಲ್ಲ.
ಎಡಗಣ್ಣಿಗೆ ಹೊಸ ಗಾಜು ಬೇಕು, ಅಂದೆ.

ರಾತ್ರಿ ಕಲ್ಲಿನ ಲಾರಿ ಹೋಯಿತು ಬೀದಿಯಲ್ಲಿ.
ಕಪಾಟಿನ ಲೋಟಗಳು ಗಲಗಲ ಎಂದವು.
ಗಣಿಯೊಳಗೆ ಬಂಡೆ ಸಿಡಿದಾಗ
ಹೀಗೇ ಅಲುಗುತ್ತಿದ್ದವು ಅಜ್ಜಿಯ ಸ್ಟೀಲಿನ ಡಬ್ಬಿಗಳು;
ಸೌಟು ಹಿಡಿದೇ ಹೆಂಗಸರು ಬಾಗಿಲಿಗೆ ಓಡುತ್ತಿದ್ದರು.
ನಾನೂ ಎದ್ದು ಹೋಗಿ ಬಾಗಿಲು ತೆರೆದೆ.
ಎದುರು ಮನೆಯ ಮುದುಕಿ
ಕಸದ ಡಬ್ಬಿ ಹೊರಗಿಡುತ್ತಿದ್ದಳು.
ಚಳಿ, ಅಂದಳು.
ಹೌದು, ಅಂದೆ.